ರೇಡಿಯೊ ಮೂಲಕ್ಕೆ ಹತ್ತಿರ ಇರುವ ಚುಕ್ಕಿಯೇ ಅದರದ್ದು ಅಂತ ಹೇಳೋದು ಹೇಗೆ?

ಎರೆಹೊಲ

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಎಂ.ಎಸ್ಸಿ ಫಿಸಿಕ್ಸ್ ಓದುತ್ತಿದ್ದೇನೆ, ಎರಡನೇ ವರ್ಷ. ಪ್ರಾಜೆಕ್ಟ್‌ಗೆ ಅಂತ 40 ರೇಡಿಯೊ ಮೂಲಗಳನ್ನು, ಅಂದರೆ ಆಕಾಶದಲ್ಲಿ ರೇಡಿಯೊ ಅಲೆಗಳು ಬರುವ ಜಾಗಗಳನ್ನು, ತೆಗೆದುಕೊಂಡಿದ್ದೇನೆ. ಎಲ್ಲವೂ ಪುಣೆ ಹತ್ತಿರದ ಜಿಎಂಆರ್‌ಟಿ ದೂರದರ್ಶಕದಿಂದ 150 ಮೆಗಾಹರ್ಟ್ಸ್‌ನಲ್ಲಿ ಮಾಡಿದ ಟಿಜಿಎಸ್‌ಎಸ್ ಸರ್ವೇಯಲ್ಲಿ ಇರುವವು. ಕೆಲಸ ಹೇಳೋಕೆ ಸುಲಭ. ಪ್ರತಿ ಮೂಲ ಇರುವ ಜಾಗಕ್ಕೆ ಹೋಗಬೇಕು, ಮಾಮೂಲಿ ಬೆಳಕಿನಲ್ಲಿ ತೆಗೆದ ಫೋಟೋದಲ್ಲಿ ಅಲ್ಲಿ ಏನಿದೆ ನೋಡಬೇಕು, ಆ ಗ್ಯಾಲಕ್ಸಿ ಅಥವಾ ಕ್ವೇಸಾರ್‌ನ (ನಕ್ಷತ್ರದಂತೆ ಕಾಣುವ, ಬಹಳ ದೂರದ ಗ್ಯಾಲಕ್ಸಿಯ ಪ್ರಕಾಶಮಾನ ನಡುಭಾಗ) ಜಾಗವನ್ನು ಅಳೆದು ಬರೆದಿಡಬೇಕು.

ಹನ್ನೊಂದನೇ ಮೂಲಕ್ಕೆ ಬಂದು ಸಿಕ್ಕಿಹಾಕಿಕೊಂಡಿದ್ದೇನೆ. ಪಟ್ಟಿ ಹೇಳುವ ಜಾಗದಲ್ಲಿ ಏನೂ ಇಲ್ಲ, ಖಾಲಿ ಕಪ್ಪು. ಅಲ್ಲಿಂದ ಉತ್ತರಕ್ಕೆ 3 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3,600ನೇ ಒಂದು ಭಾಗ) ದೂರದಲ್ಲಿ ಒಂದು ಮಸುಕು ಚುಕ್ಕಿ ಇದೆ. ಪೂರ್ವಕ್ಕೆ 5 ಆರ್ಕ್‌ಸೆಕೆಂಡ್ ದೂರದಲ್ಲಿ ಇನ್ನೊಂದು, ಅದು ಇನ್ನೂ ಮಸುಕು, ಹತ್ತಿಯ ಎಳೆ ಬಿದ್ದ ಹಾಗೆ ಸ್ವಲ್ಪ ಉದ್ದಕ್ಕಿದೆ. ಲೆಗಸಿ ಸರ್ವೇ ಅನ್ನುವ ಬೆಳಕಿನ ಸರ್ವೇಯ ಚಿತ್ರ ನೋಡುತ್ತಿದ್ದೇನೆ, ಬೇರೆ ಚಿತ್ರಗಳಲ್ಲಿ ಇವೆರಡೂ ಕಾಣುವುದೇ ಇಲ್ಲ. ನನ್ನ ಗೈಡ್ ಹತ್ತಿರದ್ದನ್ನು ತಗೊಂಡು ಮುಂದೆ ಹೋಗು ಅಂದರು. ಆದರೆ ಮನಸ್ಸು ಒಪ್ಪುತ್ತಿಲ್ಲ. ಯಾಕೆ ಹತ್ತಿರದ್ದು? 3 ಅಂದರೆ ಹತ್ತಿರ, 5 ಅಂದರೆ ದೂರ ಅಂತ ಯಾರು ಹೇಳಿದ್ದು?

ಇನ್ನೊಂದು ವಿಷಯವೂ ಇದರ ಜೊತೆಗೇ ಇದೆ. ಜಾಗ ಅಳೆಯೋದು ಅಂದರೆ ಏನು ಅಂತ ಕೈಯಾರೆ ನೋಡಬೇಕು ಅನ್ನಿಸಿ ಶಿವರಾತ್ರಿ ಅಮಾವಾಸ್ಯೆಗೆ ಗೆಳೆಯನ 8 ಇಂಚಿನ ದೂರದರ್ಶಕ ತೆಗೆದುಕೊಂಡು ಚಿಂಚೋಳಿ ಕಡೆ ಅವರ ಹೊಲಕ್ಕೆ ಹೋಗಿದ್ದೆವು. ತೊಗರಿ ಕಟಾವಾಗಿ ಹೊಲ ಬಯಲಾಗಿತ್ತು. ಮೋಟರ್ ಶೆಡ್ ಮುಂದಿನ ಶಹಾಬಾದ್ ಕಲ್ಲಿನ ಮೇಲೆ ಸ್ಟ್ಯಾಂಡ್ ಇಟ್ಟು 3ಸಿ 273 ಕ್ವೇಸಾರ್‌ನ ಫೋಟೋ ತೆಗೆದೆವು. ಅದು ಸುಮಾರು 13ನೇ ಮ್ಯಾಗ್ನಿಟ್ಯೂಡ್ (ಈ ಸಂಖ್ಯೆ ಹೆಚ್ಚಾದಷ್ಟೂ ಮಸುಕು), ಹಾಗಾಗಿ ಚೆನ್ನಾಗಿಯೇ ಬಂತು. ಸುತ್ತಲಿನ ಆರು ಪ್ರಕಾಶಮಾನ ಚುಕ್ಕಿಗಳ ಜಾಗ ಪಟ್ಟಿಯಿಂದ ತೆಗೆದುಕೊಂಡು ಲೆಕ್ಕ ಹಾಕಿದೆ. ನನ್ನ ಉತ್ತರಕ್ಕೂ ಸರಿಯಾದ ಜಾಗಕ್ಕೂ 0.8 ಆರ್ಕ್‌ಸೆಕೆಂಡ್ ವ್ಯತ್ಯಾಸ ಬಂತು. ಇಷ್ಟು ಪ್ರಕಾಶಮಾನವಾದದ್ದರಲ್ಲೇ ನಾನು ಹೀಗೆ ತಪ್ಪಿದರೆ, ಅದಕ್ಕಿಂತ ಸಾವಿರಾರು ಪಟ್ಟು ಮಸುಕಾದವುಗಳ ಜಾಗವನ್ನು ಜನ ಯಾವ ಧೈರ್ಯದ ಮೇಲೆ ಬರೆಯುತ್ತಾರೆ?

ಗೊತ್ತಿದ್ದವರು ದಯವಿಟ್ಟು ಹೇಳಿ. ಉದ್ದ ಬರೆದರೂ ಪರವಾಗಿಲ್ಲ, ಪೂರ್ತಿ ಓದುತ್ತೇನೆ.

ಕೆಂಪುಮಣ್ಣು_ಬೀದರ್

ಒಳ್ಳೆ ಪ್ರಶ್ನೆ. ಗೈಡ್ ಮಾತಿಗೆ ಮನಸ್ಸು ಒಪ್ಪಲಿಲ್ಲ ಅಂದೆಯಲ್ಲ, ಸರಿಯಾದ ಕಡೆಯೇ ನಿಂತಿದ್ದೀಯ. ನಾನು ಬೀದರ್‌ನವಳು, ಈ ಥರದ ಹೊಂದಿಸುವ ಕೆಲಸವನ್ನೇ ಕೆಲವು ವರ್ಷ ಮಾಡಿದ್ದೇನೆ. ಎರಡನೇ ಪ್ರಶ್ನೆಯನ್ನು ಬೇರೆ ಯಾರಾದರೂ ಹೇಳಲಿ, ನಾನು ಹನ್ನೊಂದನೇ ಮೂಲದ ಬಗ್ಗೆ ಮಾತ್ರ ಹೇಳುತ್ತೇನೆ.

ಮೊದಲು ಆ ಖಾಲಿ ಜಾಗ. ಪಟ್ಟಿಯಲ್ಲಿ ಬರೆದಿರುವ ಜಾಗ ಒಂದು ಬಿಂದು ಅಂತ ನೀನು ನೋಡುತ್ತಿದ್ದೀಯ. ಅದು ಬಿಂದುವಲ್ಲ. ಟಿಜಿಎಸ್‌ಎಸ್ ಚಿತ್ರದಲ್ಲಿ ಒಂದು ಚುಕ್ಕಿಯೇ 25 ಆರ್ಕ್‌ಸೆಕೆಂಡ್ ಅಗಲಕ್ಕೆ ಹರಡಿರುತ್ತದೆ. ಅಷ್ಟು ಅಗಲದ ಮಸುಕಿನ ನಡುವನ್ನು ಎಷ್ಟು ಚೆನ್ನಾಗಿ ಹಿಡಿಯಬಹುದು? ಸಿಗ್ನಲ್ ನಾಯ್ಸ್‌ಗಿಂತ ಎಷ್ಟು ಪಟ್ಟು ಇದೆ ಅನ್ನೋದರ ಮೇಲೆ ಹೋಗುತ್ತದೆ. ಅಗಲವನ್ನು ಆ ಪಟ್ಟಿನಿಂದ ಭಾಗಿಸಿ ಅರ್ಧ ಮಾಡಿದರೆ ಅಂದಾಜು ಸಿಗುತ್ತದೆ. ನಿನ್ನ ಮೂಲ 10 ಪಟ್ಟು ಇದೆ ಅಂದುಕೋ. 25 ಭಾಗಿಸು 20, ಅಂದರೆ 1.25 ಆರ್ಕ್‌ಸೆಕೆಂಡ್. ಇದು ನಾಯ್ಸ್‌ನಿಂದ ಬರುವ ತಪ್ಪು ಮಾತ್ರ. ಆ ಸರ್ವೇಯ ಜಾಗಗಳಿಗೇ ಸುಮಾರು 2 ಆರ್ಕ್‌ಸೆಕೆಂಡ್ ತಪ್ಪು ಇದೆ, ಯಾಕೆಂದರೆ ಅಷ್ಟು ಕಡಿಮೆ ಫ್ರೀಕ್ವೆನ್ಸಿಯಲ್ಲಿ ಭೂಮಿಯ ವಾತಾವರಣದ ಮೇಲಿನ ಪದರವಾದ ಅಯಾನೋಸ್ಫಿಯರ್ ಮೂಲಗಳನ್ನು ಅತ್ತಿತ್ತ ಎಳೆದಾಡುತ್ತದೆ. ಎರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆ. ಹತ್ತಿರ ಹತ್ತಿರ 2.4 ಬರುತ್ತದೆ. ಈ ತಪ್ಪಿನ ಅಂದಾಜೇ ಒಂದು ಸಿಗ್ಮಾ.

ಈಗ ನೋಡು. 3 ಆರ್ಕ್‌ಸೆಕೆಂಡ್ ದೂರದ್ದು ಒಂದೂಕಾಲು ಸಿಗ್ಮಾ. 5 ಆರ್ಕ್‌ಸೆಕೆಂಡ್ ದೂರದ್ದು ಎರಡು ಸಿಗ್ಮಾ ಚಿಲ್ಲರೆ. ಎರಡೂ ಆಗಬಹುದು. ಒಂದು ಹತ್ತಿರ, ಒಂದು ದೂರ ಅನ್ನೋ ಮಾತಿಗೆ ಇಲ್ಲಿ ಬಲವೇ ಇಲ್ಲ.

ಇದರ ಜೊತೆ ಇನ್ನೊಂದು ಪ್ರಶ್ನೆ ಕೇಳಬೇಕು. ಯಾವ ಸಂಬಂಧವೂ ಇಲ್ಲದ ಚುಕ್ಕಿಯೊಂದು ಸುಮ್ನೆ ಅಲ್ಲಿ ಬಿದ್ದಿರುವ ಸಾಧ್ಯತೆ ಎಷ್ಟು? ಇದಕ್ಕೆ ಯಾವ ಪುಸ್ತಕವೂ ಬೇಡ, ನಿನ್ನ ಚಿತ್ರವನ್ನೇ ಎಣಿಸು. ಮೂಲದ ಸುತ್ತ 2 ಆರ್ಕ್‌ಮಿನಿಟ್ ಉದ್ದ, 2 ಆರ್ಕ್‌ಮಿನಿಟ್ ಅಗಲದ ಚೌಕ ಹಾಕು (1 ಆರ್ಕ್‌ಮಿನಿಟ್ ಅಂದರೆ 60 ಆರ್ಕ್‌ಸೆಕೆಂಡ್). ಅದರೊಳಗೆ ಆ ಮಸುಕು ಚುಕ್ಕಿಯಷ್ಟು ಅಥವಾ ಅದಕ್ಕಿಂತ ಪ್ರಕಾಶಮಾನವಾದದ್ದು ಎಷ್ಟಿವೆ? 60 ಇವೆ ಅಂತಿಟ್ಟುಕೋ. ಚೌಕದ ವಿಸ್ತಾರ 14,400 ಚದರ ಆರ್ಕ್‌ಸೆಕೆಂಡ್. ಅಂದರೆ ಪ್ರತಿ 240 ಚದರ ಆರ್ಕ್‌ಸೆಕೆಂಡ್‌ಗೆ ಒಂದು. 3 ಆರ್ಕ್‌ಸೆಕೆಂಡ್ ತ್ರಿಜ್ಯದ ವೃತ್ತದ ವಿಸ್ತಾರ ಸುಮಾರು 28. ಹಾಗಾದರೆ ನೂರಕ್ಕೆ 12 ಸಲ ಕಾರಣವೇ ಇಲ್ಲದೆ ಒಂದು ಚುಕ್ಕಿ ಅಲ್ಲಿ ಸಿಗುತ್ತದೆ. 5 ಆರ್ಕ್‌ಸೆಕೆಂಡ್‌ಗೆ ಹೋದರೆ ನೂರಕ್ಕೆ 33. ಆಕಾಶದಲ್ಲಿ ಎಲ್ಲಿ ಬೇಕಾದರೂ 40 ಜಾಗ ಗುರುತು ಮಾಡು, ಅದರಲ್ಲಿ ನಾಲ್ಕೈದಕ್ಕೆ 3 ಆರ್ಕ್‌ಸೆಕೆಂಡ್ ಒಳಗೆ ಒಂದು ಚುಕ್ಕಿ ಇದ್ದೇ ಇರುತ್ತದೆ.

ನಂಬಿಕೆ ಬರದಿದ್ದರೆ ಮಾಡಿಯೇ ನೋಡು. ನಿನ್ನ 40 ಮೂಲಗಳ ಜಾಗವನ್ನೂ ಬೇಕಂತಲೇ 1 ಆರ್ಕ್‌ಮಿನಿಟ್ ಪಕ್ಕಕ್ಕೆ ಸರಿಸಿ, ಮತ್ತೆ ಹೊಂದಿಸು. ಆಗ ಸಿಕ್ಕಿದ್ದೆಲ್ಲ ಸುಳ್ಳು ಹೊಂದಿಕೆ. ಆ ಸಂಖ್ಯೆಯನ್ನು ರಿಪೋರ್ಟ್‌ನಲ್ಲಿ ಬರೆ. ಗೈಡ್‌ಗೂ ತೋರಿಸು, ಬಾಯಿಮಾತಿಗಿಂತ ಅದು ಚೆನ್ನಾಗಿ ಹೇಳುತ್ತದೆ.

ಮುಂದಿನ ಹೆಜ್ಜೆ, ಅದೇ ಮೂಲವನ್ನು ಇನ್ನೂ ಚೂಪಾಗಿ ನೋಡಿದ ರೇಡಿಯೊ ಚಿತ್ರ ಇದೆಯಾ ಹುಡುಕು. ಅಮೆರಿಕದ ವಿಎಲ್‌ಎ ದೂರದರ್ಶಕದ ಫಸ್ಟ್ ಸರ್ವೇಯಲ್ಲಿ ಚುಕ್ಕಿಯ ಅಗಲ 5 ಆರ್ಕ್‌ಸೆಕೆಂಡ್. ಅದೇ ದೂರದರ್ಶಕದ ವಿಎಲ್‌ಎಎಸ್‌ಎಸ್‌ನಲ್ಲಿ 2.5. ಅದು 3 ಗಿಗಾಹರ್ಟ್ಸ್‌ನಲ್ಲಿ ಮಾಡಿದ್ದು, ದಕ್ಷಿಣದ ತುದಿಯೊಂದನ್ನು ಬಿಟ್ಟರೆ ನಮಗೆ ಕಾಣುವ ಆಕಾಶದ ಬಹುಪಾಲು ಅದರಲ್ಲಿ ಬರುತ್ತದೆ. ಚಿತ್ರಗಳು ಉಚಿತ. ಅದನ್ನು ನೋಡುವ ತನಕ ಎರಡರಲ್ಲಿ ಯಾವುದನ್ನೂ ಆರಿಸಬೇಡ.

ಶಹಾಪುರ ಮಾಸ್ತರ್

ಬೀದರ್ ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸಿ ನಿವೃತ್ತನಾಗಿದ್ದೇನೆ, ಈಗ ಶಹಾಪುರದಲ್ಲೇ ಇದ್ದೇನೆ. ಪ್ರಶ್ನೆ ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಮಸುಕಾದವುಗಳ ಜಾಗವನ್ನು ಯಾವ ಧೈರ್ಯದ ಮೇಲೆ ಬರೆಯುತ್ತಾರೆ ಅಂತ ಕೇಳಿದೆಯಲ್ಲಪ್ಪ, ಆ ಧೈರ್ಯ ಬರೋದಕ್ಕೆ ಎಷ್ಟು ವರ್ಷ ಹಿಡಿಯಿತು ಅನ್ನೋದು ನಿನಗೆ ಗೊತ್ತಿರಬೇಕು.

ಕಷ್ಟ ಇರೋದು ಇಲ್ಲಿ. ಆಕಾಶದಲ್ಲಿ ಮೈಲಿಗಲ್ಲು ನೆಟ್ಟಿರೋದಿಲ್ಲ. ಯಾವ ಚುಕ್ಕಿಯ ಜಾಗವನ್ನೂ ಒಂಟಿಯಾಗಿ ಅಳೆಯೋಕೆ ಆಗೋದಿಲ್ಲ, ಪಕ್ಕದ ಚುಕ್ಕಿಗಳಿಂದ ಎಷ್ಟು ದೂರ ಅಂತ ಅಳೆಯಬೇಕು. ಹೊಲದ ಸರ್ವೇ ಮಾಡುವವರು ಹಳೆ ಬಾಂದು ಕಲ್ಲು ಹುಡುಕಿ ಅಲ್ಲಿಂದ ಸರಪಳಿ ಹಿಡಿಯುತ್ತಾರಲ್ಲ, ಹಾಗೆ. ಆದರೆ ಬಾಂದು ಕಲ್ಲು ಎಲ್ಲಿದೆ ಅಂತ ಗೊತ್ತಿದ್ದದ್ದು ಪ್ರಕಾಶಮಾನ ಚುಕ್ಕಿಗಳಿಗೆ ಮಾತ್ರ. 1966ರಲ್ಲಿ ಬಂದ ಎಸ್‌ಎಒ ಪಟ್ಟಿಯಲ್ಲಿ 2,58,997 ಚುಕ್ಕಿಗಳಿದ್ದವು, ಬಹುತೇಕ 9ನೇ ಮ್ಯಾಗ್ನಿಟ್ಯೂಡ್ ಆಸುಪಾಸಿನವು. ಕ್ವೇಸಾರ್ 18 ಅಥವಾ 19ನೇ ಮ್ಯಾಗ್ನಿಟ್ಯೂಡ್. 9 ಮ್ಯಾಗ್ನಿಟ್ಯೂಡ್ ವ್ಯತ್ಯಾಸ ಅಂದರೆ ಬೆಳಕಿನಲ್ಲಿ ಸುಮಾರು 4,000 ಪಟ್ಟು. ಒಂದೇ ಗಾಜಿನ ಫೋಟೋ ಪ್ಲೇಟ್‌ನಲ್ಲಿ ಎರಡನ್ನೂ ಹಿಡಿದರೆ, ಕ್ವೇಸಾರ್ ಕಾಣುವಷ್ಟು ಹೊತ್ತು ತೆರೆದಿಟ್ಟಾಗ 9ನೇ ಮ್ಯಾಗ್ನಿಟ್ಯೂಡ್‌ನ ಚುಕ್ಕಿ ಉಬ್ಬಿ ದೊಡ್ಡ ಮಸಿ ಕಲೆ ಆಗಿರುತ್ತದೆ. ಆ ಕಲೆಯ ನಡು ಯಾವುದು? ಸ್ವಲ್ಪ ಗಾಳಿ, ಸ್ವಲ್ಪ ಟ್ರ್ಯಾಕಿಂಗ್ ತಪ್ಪು, ಕಲೆ ಒಂದು ಕಡೆಗೆ ವಾಲಿಕೊಂಡಿರುತ್ತದೆ. ಅಲ್ಲೇ ಅರ್ಧ ಆರ್ಕ್‌ಸೆಕೆಂಡ್ ಹೋಯಿತು.

ಅದಕ್ಕೆ ಏಣಿ ಹತ್ತಿದ ಹಾಗೆ ಹೋಗುತ್ತಿದ್ದರು. ಅಗಲವಾಗಿ ನೋಡುವ ಸಣ್ಣ ದೂರದರ್ಶಕದಲ್ಲಿ ಪ್ರಕಾಶಮಾನ ಚುಕ್ಕಿಗಳಿಂದ 12, 13ನೇ ಮ್ಯಾಗ್ನಿಟ್ಯೂಡ್ ಚುಕ್ಕಿಗಳ ಜಾಗ ಅಳೆಯೋದು. ಆಮೇಲೆ ದೊಡ್ಡ ದೂರದರ್ಶಕದ ಸಣ್ಣ ಕಿಟಕಿಯಲ್ಲಿ ಆ ಮಧ್ಯದವುಗಳಿಂದ ಕ್ವೇಸಾರ್‌ನ ಜಾಗ ಅಳೆಯೋದು. ಪ್ರತಿ ಮೆಟ್ಟಿಲಲ್ಲೂ ಒಂದಿಷ್ಟು ತಪ್ಪು ಸೇರುತ್ತಿತ್ತು. ಸಾಲದ್ದಕ್ಕೆ ಪಟ್ಟಿಯ ಚುಕ್ಕಿಗಳೂ ವರ್ಷ ವರ್ಷ ಸರಿಯುತ್ತಾ ಹೋಗುತ್ತವೆ, ಹಾಗಾಗಿ ಪಟ್ಟಿ ಹಳೆಯದಾದಷ್ಟೂ ಅದರ ಮೇಲಿನ ಭರವಸೆ ಕಡಿಮೆ.

ಬರೀ ಯಾವುದು ಅಂತ ಗುರುತಿಸಿದರೆ ಸಾಕು ಅನ್ನುವವರು ಅಮೆರಿಕದ ಪಾಲೊಮಾರ್ ವೀಕ್ಷಣಾಲಯದ ಸರ್ವೇಯ ಪ್ರಿಂಟ್ ಮೇಲೆ ಕೆಲಸ ಮಾಡುತ್ತಿದ್ದರು. 14 ಇಂಚಿನ ಹಾಳೆ, ಬಿಳಿ ಆಕಾಶ, ಕಪ್ಪು ಚುಕ್ಕಿಗಳು. ಒಂದು ಮಿಲಿಮೀಟರ್‌ಗೆ 67 ಆರ್ಕ್‌ಸೆಕೆಂಡ್. ನಾನು 1979ರ ಬೇಸಿಗೆಯಲ್ಲಿ ವಿದ್ಯಾರ್ಥಿಯಾಗಿ ಊಟಿಗೆ ಹೋಗಿದ್ದಾಗ ಅದನ್ನು ಮೊದಲ ಸಲ ಕೈಯಲ್ಲಿ ಹಿಡಿದೆ. ಪಟ್ಟಿಯ ಚುಕ್ಕಿಗಳನ್ನು ಅದೇ ಅಳತೆಗೆ ಪಾರದರ್ಶಕ ಹಾಳೆಯ ಮೇಲೆ ಗುರುತು ಮಾಡಿ, ಪ್ರಿಂಟ್ ಮೇಲೆ ಇಟ್ಟು, ಚುಕ್ಕಿ ಮೇಲೆ ಚುಕ್ಕಿ ಕೂರುವ ತನಕ ಉಸಿರು ಬಿಗಿಹಿಡಿದು ಸರಿಸಬೇಕು. ರೇಡಿಯೊ ಮೂಲಕ್ಕೆ ಒಂದು ಸಣ್ಣ ಕೂಡು ಗುರುತು. ಆ ಗುರುತಿನ ಗೆರೆಯ ದಪ್ಪವೇ ನಿನ್ನ 3 ಆರ್ಕ್‌ಸೆಕೆಂಡ್‌ಗಿಂತ ಜಾಸ್ತಿ.

ಊಟಿಯ ಮಾತು ಬಂತಲ್ಲ. 530 ಮೀಟರ್ ಉದ್ದ, 30 ಮೀಟರ್ ಅಗಲದ ರೇಡಿಯೊ ದೂರದರ್ಶಕ ಅದು, ಗೋವಿಂದ ಸ್ವರೂಪ್ ಅವರ ಮುಂದಾಳತ್ವದಲ್ಲಿ ಕಟ್ಟಿದ್ದು, 1970ರಲ್ಲಿ ಶುರುವಾಯಿತು. ಬೆಟ್ಟದ ಇಳಿಜಾರು ಆ ಊರಿನ ಅಕ್ಷಾಂಶದಷ್ಟೇ, ಅಂದರೆ 11 ಡಿಗ್ರಿ ಇರುವ ಜಾಗ ಹುಡುಕಿ ಅದರ ಮೇಲೆ ಮಲಗಿಸಿದ್ದಾರೆ, ಹಾಗಾಗಿ ಅದರ ಅಕ್ಷ ಭೂಮಿಯ ಅಕ್ಷಕ್ಕೆ ಸಮನಾಗಿದೆ, ಒಂದೇ ಅಕ್ಷದಲ್ಲಿ ತಿರುಗಿಸಿದರೆ ಮೂಲದ ಹಿಂದೆಯೇ ಗಂಟೆಗಟ್ಟಲೆ ಹೋಗಬಹುದು. ಅಲ್ಲಿ ಜಾಗ ಅಳೆಯೋದಕ್ಕೆ ಚಂದ್ರನನ್ನು ಬಳಸುತ್ತಿದ್ದರು. ಚಂದ್ರ ಚುಕ್ಕಿಗಳ ನಡುವೆ ಸೆಕೆಂಡಿಗೆ ಸುಮಾರು ಅರ್ಧ ಆರ್ಕ್‌ಸೆಕೆಂಡ್ ಸರಿಯುತ್ತಾನೆ. ಚಂದ್ರನ ಅಂಚು ಯಾವ ಕ್ಷಣಕ್ಕೆ ಎಲ್ಲಿರುತ್ತದೆ ಅನ್ನೋದು ಚೆನ್ನಾಗಿ ಗೊತ್ತು. ಹಾಗಾಗಿ ಮೂಲ ಚಂದ್ರನ ಹಿಂದೆ ಮರೆಯಾದ ಗಳಿಗೆಯನ್ನು ಒಂದು ಸೆಕೆಂಡಿನ ಒಳಗೆ ಹಿಡಿದರೆ ಅದರ ಜಾಗ ಅರ್ಧ ಆರ್ಕ್‌ಸೆಕೆಂಡಿಗೆ ಸಿಕ್ಕ ಹಾಗೆ. ಒಂದು ಸಲಕ್ಕೆ ಒಂದು ದಿಕ್ಕಿನಲ್ಲಿ ಮಾತ್ರ ಸಿಗುತ್ತದೆ, ಮತ್ತೆ ಹೊರಗೆ ಬರುವಾಗ ಇನ್ನೊಂದು ದಿಕ್ಕು.

ಕಾಗದದ ಸುರುಳಿಯ ಮೇಲೆ ಪೆನ್ ಗೆರೆ ಎಳೆಯುತ್ತಾ ಹೋಗುತ್ತಿತ್ತು. ಗೆರೆ ನಡುಗುತ್ತಾ ಒಂದೇ ಎತ್ತರದಲ್ಲಿ ಬರುತ್ತಾ ಬರುತ್ತಾ ಧಪ್ ಅಂತ ಕೆಳಗಿಳಿಯಿತು. ಮುಗಿಯಿತು ಅಂದುಕೊಂಡೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ ಇಳಿಯಿತು. ಪಕ್ಕದಲ್ಲಿ ನಿಂತವರು ಮೆತ್ತಗೆ ಡಬಲ್ ಅಂದರು. ಒಂದೇ ಅಂದುಕೊಂಡಿದ್ದ ಮೂಲ ಎರಡಾಗಿತ್ತು. 45 ವರ್ಷದ ಮೇಲಾಯಿತು, ಆ ಎರಡನೇ ಮೆಟ್ಟಿಲು ಇನ್ನೂ ಕಣ್ಣಲ್ಲಿದೆ.

ನೀನು ಹೊಲದಲ್ಲಿ ಅಳೆದ 3ಸಿ 273ರ ಕಥೆಯೂ ಇದೇ. 1962ರ ಆಗಸ್ಟ್‌ನಲ್ಲಿ ಸಿರಿಲ್ ಹಜಾರ್ಡ್ ಮತ್ತು ಜೊತೆಯವರು ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕದಲ್ಲಿ ಚಂದ್ರ ಅದನ್ನು ಮರೆ ಮಾಡುವುದನ್ನು ಹಿಡಿದರು. ಅಲ್ಲೂ ಎರಡು ಸಿಕ್ಕವು, ಸುಮಾರು 20 ಆರ್ಕ್‌ಸೆಕೆಂಡ್ ಅಂತರದಲ್ಲಿ. ಒಂದು ಚುಕ್ಕಿಯ ಮೇಲೆ ಕೂತಿತು, ಇನ್ನೊಂದು ಅದರಿಂದ ಚಿಮ್ಮಿದ ಜೆಟ್‌ನ ತುದಿಯ ಮೇಲೆ. ಜಾಗ ಆರ್ಕ್‌ಸೆಕೆಂಡ್ ಮಟ್ಟಕ್ಕೆ ಗೊತ್ತಾದ್ದರಿಂದಲೇ ಮಾರ್ಟೆನ್ ಶ್ಮಿಟ್ ಸರಿಯಾದ ಚುಕ್ಕಿಗೆ ಪಾಲೊಮಾರ್‌ನ 200 ಇಂಚಿನ ದೂರದರ್ಶಕ ತಿರುಗಿಸಿದರು. ಅದರ ಬೆಳಕಿನ ಗೆರೆಗಳು 0.158 ರೆಡ್‌ಶಿಫ್ಟ್‌ನಷ್ಟು ಕೆಂಪಿನ ಕಡೆಗೆ ಸರಿದಿವೆ, ಅಂದರೆ ಅದು ಬಹಳ ದೂರದ್ದು ಅಂತ 1963ರಲ್ಲಿ ಪ್ರಕಟಿಸಿದರು. ನಕ್ಷತ್ರದಂತೆ ಕಾಣುವ ಅದು ನಮ್ಮ ಗ್ಯಾಲಕ್ಸಿಯದ್ದೇ ಅಲ್ಲ ಅಂತ ಜಗತ್ತಿಗೆ ಗೊತ್ತಾದದ್ದು ಹಾಗೆ. ಅಷ್ಟಕ್ಕೂ ಮೊದಲು ಬೇಕಾಗಿದ್ದದ್ದು ಒಂದು ಒಳ್ಳೆ ಜಾಗ.

ದುರ್ಬೀನು_ಹುಮನಾಬಾದ್

ಮಾಸ್ತರೇ, ನಿಮ್ಮ ಪೆನ್ ಗೆರೆಯ ಮಾತು ಓದಿ ಮೈ ಝುಂ ಅಂತು. ನಾನು ಎಂಟು ವರ್ಷದಿಂದ ಮನೆ ಮಾಳಿಗೆಯಿಂದ ಫೋಟೋ ತೆಗೆಯುತ್ತೇನೆ, ಕ್ಷುದ್ರಗ್ರಹಗಳ ಜಾಗ ಅಳೆಯುವ ಹುಚ್ಚು ಜಾಸ್ತಿ. ತಮ್ಮಾ, ನಿನ್ನ 0.8 ನೋಡಿ ಬೇಜಾರು ಮಾಡಿಕೊಳ್ಳಬೇಡ. ಅದು ಎಲ್ಲಿಂದ ಬಂತು ಅಂತ ನನಗೆ ಅನುಮಾನ ಇದೆ. ನಾಲ್ಕು ವಿಷಯ ಕೇಳುತ್ತೇನೆ. ಯಾವ ಪಟ್ಟಿ ಬಳಸಿದೆ? ಆ ಆರು ಚುಕ್ಕಿಗಳು ಫೋಟೋದಲ್ಲಿ ಎಲ್ಲಿದ್ದವು? ಎಷ್ಟು ಗಂಟೆಗೆ ತೆಗೆದೆ? ಅಂಚಿನ ಚುಕ್ಕಿಗಳ ಆಕಾರ ಕೆಡದಂತೆ ತಡೆಯುವ ಲೆನ್ಸ್, ಕೋಮಾ ಕರೆಕ್ಟರ್, ಹಾಕಿದ್ದೆಯಾ?

ಎರೆಹೊಲ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಾಸ್ತರ್, ನಿಮ್ಮ ಮಾತನ್ನು ಎರಡು ಸಲ ಓದಿದೆ.

ಹುಮನಾಬಾದ್ ಅಣ್ಣ, ಪಟ್ಟಿ ಗಾಯಾ ಉಪಗ್ರಹದ ಮೂರನೇ ಬಿಡುಗಡೆ, ಅಂದರೆ ಡಿಆರ್3. ಕೋಮಾ ಕರೆಕ್ಟರ್ ಇಲ್ಲ. 8 ಇಂಚಿನ ನ್ಯೂಟೋನಿಯನ್, ಫೋಕಲ್ ಲೆಂತ್ 1000 ಮಿಲಿಮೀಟರ್, ಕ್ಯಾಮೆರಾ ಪಿಕ್ಸೆಲ್ 3.76 ಮೈಕ್ರಾನ್. ರಾತ್ರಿ ಹತ್ತೂವರೆಗೆ ತೆಗೆದೆವು, 60 ಸೆಕೆಂಡಿನ 20 ಫೋಟೋ. ಆರು ಚುಕ್ಕಿಗಳಲ್ಲಿ ನಾಲ್ಕು ಎಡ ಅಂಚಿನ ಹತ್ತಿರ ಇದ್ದವು. ಪ್ರಕಾಶಮಾನ ಇದ್ದಷ್ಟೂ ಒಳ್ಳೇದು ಅಂದುಕೊಂಡು ಅವನ್ನೇ ಆರಿಸಿದ್ದೆ.

ದುರ್ಬೀನು_ಹುಮನಾಬಾದ್

ಸಿಕ್ಕಿತು ನೋಡು.

ನಿನ್ನ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್‌ಗೆ 0.78 ಆರ್ಕ್‌ಸೆಕೆಂಡ್ ಬರುತ್ತದೆ. ಅಂದರೆ ನೀನು ತಪ್ಪಿದ್ದು ಒಂದೇ ಒಂದು ಪಿಕ್ಸೆಲ್. ಆದರೆ ಚುಕ್ಕಿಯ ನಡುವನ್ನು ಪಿಕ್ಸೆಲ್‌ನ ಹತ್ತನೇ ಒಂದು ಭಾಗಕ್ಕೆ ಹಿಡಿಯಬಹುದು, ಹಾಗಾಗಿ ಒಂದು ಪಿಕ್ಸೆಲ್ ಜಾಸ್ತಿಯೇ ಆಯಿತು. ಫೋಟೋದ ಎಡ ಅಂಚಿನ ಆ ನಾಲ್ಕು ಚುಕ್ಕಿಗಳನ್ನು ದೊಡ್ಡದು ಮಾಡಿ ನೋಡು. ದುಂಡಗೆ ಇರೋದಿಲ್ಲ, ಹೊರಗಡೆಗೆ ಬಾಲ ಚಾಚಿರುತ್ತವೆ, ಅದೇ ಕೋಮಾ. ಸಾಫ್ಟ್‌ವೇರ್ ಬಾಲವನ್ನೂ ಸೇರಿಸಿ ನಡು ಹುಡುಕುತ್ತದೆ, ನಡು ಹೊರಗೆ ಜಾರುತ್ತದೆ. ಸುತ್ತಲೂ ಸಮನಾಗಿ ಚುಕ್ಕಿ ಆರಿಸಿದ್ದರೆ ಎಡಕ್ಕೆ ಜಾರಿದ್ದೂ ಬಲಕ್ಕೆ ಜಾರಿದ್ದೂ ಸೇರಿ ಸರಿಹೋಗುತ್ತಿತ್ತು. ನಿನ್ನವು ಆರರಲ್ಲಿ ನಾಲ್ಕು ಒಂದೇ ಕಡೆ. ಪೂರ್ತಿ ಲೆಕ್ಕವೇ ಆ ಕಡೆಗೆ ವಾಲಿತು. ಅದರ ಮೇಲೆ ಅವು ಪ್ರಕಾಶಮಾನ, 60 ಸೆಕೆಂಡಿನಲ್ಲಿ ಪಿಕ್ಸೆಲ್ ತುಂಬಿ ಸ್ಯಾಚುರೇಟ್ ಆಗಿರುತ್ತವೆ, ತಲೆ ಕತ್ತರಿಸಿದ ಗುಡ್ಡದ ಹಾಗೆ. ಮಾಸ್ತರ್ ಹೇಳಿದ ಮಸಿ ಕಲೆಯ ಕಷ್ಟವೇ ಇದು, ಪ್ಲೇಟ್ ಬದಲು ಚಿಪ್ ಬಂತು ಅಷ್ಟೇ.

ಆದರೆ ನಿನಗೆ ಏಣಿ ಬೇಕಾಗಿಲ್ಲ. ಗಾಯಾ ಉಪಗ್ರಹ ಸುಮಾರು 21ನೇ ಮ್ಯಾಗ್ನಿಟ್ಯೂಡ್ ತನಕ ಅಳೆದಿದೆ. ಕ್ವೇಸಾರ್‌ನಷ್ಟೇ ಅಥವಾ ಅದಕ್ಕಿಂತ ಸ್ವಲ್ಪ ಮಸುಕಾದ ಬಾಂದು ಕಲ್ಲುಗಳು ಅದರ ಪಕ್ಕದಲ್ಲೇ ಸಿಗುತ್ತವೆ. 14ರಿಂದ 16ನೇ ಮ್ಯಾಗ್ನಿಟ್ಯೂಡ್ ಒಳಗಿನವನ್ನು ತಗೋ, ಫೋಟೋದ ನಡುಭಾಗದಿಂದ ಮಾತ್ರ, ಇಪ್ಪತ್ತಕ್ಕಿಂತ ಜಾಸ್ತಿ. ಇನ್ನೊಂದು ಮರೆಯಬೇಡ. ಡಿಆರ್3ಯಲ್ಲಿರುವ ಜಾಗಗಳು 2016ರ ಹೊತ್ತಿನವು. ವರ್ಷಕ್ಕೆ 50 ಮಿಲಿ ಆರ್ಕ್‌ಸೆಕೆಂಡ್ ಸರಿಯುವ ಚುಕ್ಕಿ 10 ವರ್ಷದಲ್ಲಿ ಅರ್ಧ ಆರ್ಕ್‌ಸೆಕೆಂಡ್ ಸರಿದಿರುತ್ತದೆ. ಪಟ್ಟಿಯಲ್ಲೇ ಪ್ರತಿ ಚುಕ್ಕಿಯ ಚಲನೆ ಕೊಟ್ಟಿದ್ದಾರೆ, ಫೋಟೋ ತೆಗೆದ ದಿನಕ್ಕೆ ಅದನ್ನು ತಂದುಕೋ. ಕ್ವೇಸಾರ್ ಮಾತ್ರ ಅಲ್ಲೇ ಇರುತ್ತದೆ, ಅದು ಅಷ್ಟು ದೂರ.

ಹತ್ತೂವರೆಗೆ ತೆಗೆದದ್ದೂ ಬೇಗ ಆಯಿತು. ಆಗ ಅದು ಸುಮಾರು 40 ಡಿಗ್ರಿ ಎತ್ತರದಲ್ಲಿತ್ತು. ಗಾಳಿ ನೀಲಿ ಬೆಳಕನ್ನು ಕೆಂಪಿಗಿಂತ ಜಾಸ್ತಿ ಬಗ್ಗಿಸುತ್ತದೆ, 3ಸಿ 273 ಸುತ್ತಲಿನ ಹೆಚ್ಚಿನ ಚುಕ್ಕಿಗಳಿಗಿಂತ ನೀಲಿ, ಹಾಗಾಗಿ ಅದೊಂದೇ ಸ್ವಲ್ಪ ಮೇಲೆ ಎತ್ತಿದ ಹಾಗೆ ಆಗುತ್ತದೆ. ನಮ್ಮ ಕಡೆ ಅದು ನೆತ್ತಿಗೆ ಹತ್ತಿರ, 75 ಡಿಗ್ರಿ ತನಕ ಏರುತ್ತದೆ. ಅಲ್ಲಿ ತನಕ ಕಾಯಿ. ಎರೆ ಮಣ್ಣಿನ ಹೊಲ ಹಗಲಿನ ಬಿಸಿಯನ್ನು ಮಧ್ಯರಾತ್ರಿ ತನಕ ಬಿಡುತ್ತಾ ಇರುತ್ತದೆ, ಚುಕ್ಕಿ ಕುದಿಯುವ ನೀರಿನ ಹಾಗೆ ಕಾಣುತ್ತದೆ. ಅದೂ ತಣ್ಣಗಾಗಲಿ.

ಕೆಂಪುಮಣ್ಣು_ಬೀದರ್

ಹುಮನಾಬಾದ್‌ನವರು ಗಾಯಾ ಬಗ್ಗೆ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಇದು ನಂಗೆ ತುಂಬಾ ಇಷ್ಟದ ವಿಷಯ.

ಗಾಯಾಗೆ ಮೊದಲಿನ ಹಿಪ್ಪಾರ್ಕಸ್ ಉಪಗ್ರಹದ ಪಟ್ಟಿಯಲ್ಲಿ 1,18,218 ಚುಕ್ಕಿಗಳಿದ್ದವು. ಅದರಲ್ಲಿ ಕ್ವೇಸಾರ್ ಅಂತ ಇದ್ದದ್ದು ಒಂದೇ, ಇದೇ 3ಸಿ 273. ಉಳಿದವೆಲ್ಲ ಅದಕ್ಕೆ ಕಾಣದಷ್ಟು ಮಸುಕು. ರೇಡಿಯೊದವರ ಕಡೆ ಕ್ವೇಸಾರ್‌ಗಳ ಜಾಗ ಬಹಳ ನಿಖರವಾಗಿತ್ತು, ಖಂಡ ಖಂಡಗಳ ದೂರದರ್ಶಕಗಳನ್ನು ಒಟ್ಟಿಗೆ ಸೇರಿಸಿ ಅಳೆಯುತ್ತಿದ್ದರು. ಬೆಳಕಿನವರ ಕಡೆ ನಕ್ಷತ್ರಗಳ ಜಾಗ ನಿಖರವಾಗಿತ್ತು. ಎರಡೂ ಒಂದೇ ಆಕಾಶ ಅಂತ ಹೊಂದಿಸೋಕೆ ಸುತ್ತುದಾರಿಯಲ್ಲೇ ಹೋಗಬೇಕಿತ್ತು. 2013ರ ಡಿಸೆಂಬರ್‌ನಲ್ಲಿ ಗಾಯಾ ಹೋದ ಮೇಲೆ ಬೆಳಕಿನಲ್ಲೇ ನೇರವಾಗಿ ಸುಮಾರು 16 ಲಕ್ಷ ಕ್ವೇಸಾರ್‌ನಂಥ ಮೂಲಗಳ ಜಾಗ ಸಿಕ್ಕಿತು. 20ನೇ ಮ್ಯಾಗ್ನಿಟ್ಯೂಡ್‌ನಲ್ಲೂ ತಪ್ಪು ಸುಮಾರು ಅರ್ಧ ಮಿಲಿ ಆರ್ಕ್‌ಸೆಕೆಂಡ್. ರೇಡಿಯೊ ಕಡೆ 2019ರ ಜನವರಿ 1ರಿಂದ ಐಸಿಆರ್‌ಎಫ್3 ಅನ್ನುವ ಆಧಾರ ಪಟ್ಟಿ ಜಾರಿಯಲ್ಲಿದೆ, 4,536 ಮೂಲಗಳು, ಅದರಲ್ಲಿ 303 ಬುನಾದಿ ಕಲ್ಲುಗಳು.

ಎರಡನ್ನೂ ಪಕ್ಕಪಕ್ಕ ಇಟ್ಟಾಗ ಹೆಚ್ಚಿನವು ಚೆನ್ನಾಗಿ ಕೂತವು. ಕೆಲವು ಮಾತ್ರ ಕೂರಲಿಲ್ಲ. ತಪ್ಪಿನ ಅಂದಾಜಿಗಿಂತ ಜಾಸ್ತಿಯೇ ದೂರ ಇದ್ದವು, ಮಿಲಿ ಆರ್ಕ್‌ಸೆಕೆಂಡ್‌ಗಳ ಲೆಕ್ಕದಲ್ಲಿ. ಯಾವ ದಿಕ್ಕಿಗೆ ಸರಿದಿವೆ ಅಂತ 2017ರಲ್ಲಿ ಕೊವಲೆವ್, ಪೆಟ್ರೊವ್, ಪ್ಲಾವಿನ್ ನೋಡಿದರು. ದಿಕ್ಕುಗಳು ಎಲ್ಲೆಂದರಲ್ಲಿ ಇರಲಿಲ್ಲ, ಜೆಟ್‌ನ ಗೆರೆಯ ಉದ್ದಕ್ಕೇ ಇದ್ದವು. ಅಂದರೆ ಅದು ಅಳತೆಯ ತಪ್ಪಲ್ಲ. ರೇಡಿಯೊದಲ್ಲಿ ನಾವು ನೋಡುವುದು ಜೆಟ್‌ನ ಒಂದು ಭಾಗ, ಬೆಳಕಿನಲ್ಲಿ ನೋಡುವುದು ಕಪ್ಪುಕುಳಿಯ ಸುತ್ತಲಿನ ತಟ್ಟೆಯೂ ಜೆಟ್‌ನ ಇನ್ನೊಂದು ಭಾಗವೂ ಸೇರಿದ್ದು. ಇಷ್ಟು ವರ್ಷ ಒಂದೇ ಜಾಗ ಅಂತ ಬರೆದಿದ್ದದ್ದು ಎರಡು ಜಾಗ. ತಪ್ಪಿನ ಅಂದಾಜು ಗಟ್ಟಿಯಾಗಿ ಇಲ್ಲದಿದ್ದರೆ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಇನ್ನೊಂದು. ನಿನ್ನ 3ಸಿ 273 ಇದೆಯಲ್ಲ, ಅದರ ರೈಟ್ ಅಸೆನ್ಷನ್ (ಭೂಮಿಗೆ ರೇಖಾಂಶ ಇದ್ದ ಹಾಗೆ ಆಕಾಶಕ್ಕೆ ಇದು) 12 ಗಂಟೆ 29 ನಿಮಿಷ 6.6997 ಸೆಕೆಂಡ್. ರೇಡಿಯೊದಲ್ಲಿ ಮೂಲಗಳ ನಡುವಿನ ಅಂತರ ಅಳೆಯಬಹುದು, ಆದರೆ ಸೊನ್ನೆ ಎಲ್ಲಿ ಅಂತ ಅದರಿಂದ ಗೊತ್ತಾಗೋದಿಲ್ಲ. ಹಾಗಾಗಿ ಮೊದಲಿನ ರೇಡಿಯೊ ಪಟ್ಟಿಗಳು ಇದರ ಬೆಲೆಯನ್ನು ಹಿಡಿದುಕೊಂಡೇ ಸೊನ್ನೆ ನಿಲ್ಲಿಸಿದವು. ಆ ಬೆಲೆ ಬಂದದ್ದು ಹಜಾರ್ಡ್ ಅವರು ಚಂದ್ರನ ಮರೆಯಿಂದ ಮಾಡಿದ ಅಳತೆಯಿಂದ. ಇಂದಿನ ಆಕಾಶದ ನಕ್ಷೆಯ ಸೊನ್ನೆಯ ಹಿಂದೆ ನೀನು ಚಿಂಚೋಳಿಯಲ್ಲಿ ಫೋಟೋ ತೆಗೆದ ಆ ಚುಕ್ಕಿ ನಿಂತಿದೆ.

ಎರೆಹೊಲ

ಒಂದು ತಿಂಗಳಾಯಿತು, ತಡವಾಗಿದ್ದಕ್ಕೆ ಕ್ಷಮಿಸಿ. ಎರಡೂ ಕೆಲಸ ಮಾಡಿದೆ.

ಮೊದಲು ಹೊಲದ್ದು. ಯುಗಾದಿ ಅಮಾವಾಸ್ಯೆಗೆ ಮತ್ತೆ ಹೋಗಿದ್ದೆವು. ಮಧ್ಯರಾತ್ರಿ ತನಕ ಕಾದೆವು, ಮೋಟರ್ ಶೆಡ್‌ನ ಬಲ್ಬನ್ನೂ ಬಿಚ್ಚಿಟ್ಟೆವು. ಹುಮನಾಬಾದ್ ಅಣ್ಣ ಹೇಳಿದ ಹಾಗೆ ನಡುಭಾಗದ 26 ಚುಕ್ಕಿ, ಎಲ್ಲವನ್ನೂ ಈ ವರ್ಷಕ್ಕೆ ಸರಿಸಿಕೊಂಡೆ. ವ್ಯತ್ಯಾಸ 0.09 ಆರ್ಕ್‌ಸೆಕೆಂಡ್ ಬಂತು. 20 ಫೋಟೋಗಳಲ್ಲಿ ಒಂದೊಂದನ್ನೂ ಬೇರೆ ಬೇರೆ ಅಳೆದು ಹರಡಿಕೆ ನೋಡಿದೆ, ಅದೂ ಸರಿಸುಮಾರು ಅಷ್ಟನ್ನೇ ಒಪ್ಪುತ್ತದೆ. ಆಮೇಲೆ ಹಳೆ ಫೋಟೋವನ್ನೇ ಹೊಸ ರೀತಿಯಲ್ಲಿ ಅಳೆದೆ. ಅದರ 0.8 ಕೂಡ 0.2ಕ್ಕೆ ಇಳಿಯಿತು. ಫೋಟೋ ತಪ್ಪಿರಲಿಲ್ಲ, ನಾನು ಆರಿಸಿದ ಬಾಂದು ಕಲ್ಲು ತಪ್ಪಿತ್ತು.

ಈಗ ಹನ್ನೊಂದನೇ ಮೂಲ. ಚೌಕ ಹಾಕಿ ಎಣಿಸಿದೆ ಮೇಡಂ, 63 ಇದ್ದವು. ಆಮೇಲೆ ವಿಎಲ್‌ಎಎಸ್‌ಎಸ್ ಚಿತ್ರ ತೆರೆದೆ. ಟಿಜಿಎಸ್‌ಎಸ್‌ನಲ್ಲಿ ಒಂದೇ ಗುಂಡಗಿನ ಮಸುಕು ಇದ್ದ ಕಡೆ ಎರಡು ಮುದ್ದೆ ಇವೆ (ಗ್ಯಾಲಕ್ಸಿಯ ನಡುವಿನಿಂದ ಎರಡೂ ಕಡೆ ಚಿಮ್ಮಿದ ಜೆಟ್‌ಗಳ ತುದಿಗಳು), ಪೂರ್ವಕ್ಕೊಂದು ಪಶ್ಚಿಮಕ್ಕೊಂದು, 14 ಆರ್ಕ್‌ಸೆಕೆಂಡ್ ಅಂತರ. ಪಶ್ಚಿಮದ್ದು ಜಾಸ್ತಿ ಪ್ರಕಾಶಮಾನ, ಹಾಗಾಗಿ ಪಟ್ಟಿಯ ಜಾಗವನ್ನು ತನ್ನ ಕಡೆ ಎಳೆದುಕೊಂಡಿತ್ತು. ಮಾಸ್ತರ್, ನೀವು ಹೇಳಿದ ಎರಡನೇ ಮೆಟ್ಟಿಲು ನೆನಪಾಯಿತು. ಎರಡು ಮುದ್ದೆಗಳ ನಡುವೆ ಒಂದು ಸಣ್ಣ ಚುಕ್ಕಿ ಇದೆ, ನಾಯ್ಸ್‌ಗಿಂತ ಬರೀ ಐದಾರು ಪಟ್ಟು. ಅದನ್ನು ಲೆಗಸಿ ಚಿತ್ರದ ಮೇಲೆ ಇಟ್ಟೆ. ಪೂರ್ವದ, ಎಳೆಯ ಹಾಗಿದ್ದ ಆ ಎರಡನೇ ಗ್ಯಾಲಕ್ಸಿಯಿಂದ 0.4 ಆರ್ಕ್‌ಸೆಕೆಂಡ್ ದೂರದಲ್ಲಿ ಕೂತಿತು. ಕಾರಣವಿಲ್ಲದೆ ಅಷ್ಟು ಹತ್ತಿರ ಬೀಳುವ ಸಾಧ್ಯತೆ ಲೆಕ್ಕ ಹಾಕಿದೆ, ಸಾವಿರಕ್ಕೆ ಎರಡು. ಉತ್ತರದ ಹತ್ತಿರದ ಚುಕ್ಕಿಗೂ ಇದಕ್ಕೂ ಸಂಬಂಧ ಇಲ್ಲ.

ಗೈಡ್‌ಗೆ ಎರಡೂ ಚಿತ್ರ ಪಕ್ಕಪಕ್ಕ ಇಟ್ಟು ತೋರಿಸಿದೆ. ತುಂಬಾ ಹೊತ್ತು ನೋಡಿದರು. ಉಳಿದ 39ನ್ನೂ ಹೀಗೇ ಮಾಡು, ಎರಡು ತಿಂಗಳು ಜಾಸ್ತಿ ಟೈಮ್ ಕೊಡಿಸುತ್ತೇನೆ ಅಂದರು.

ಬೇಕಂತಲೇ 1 ಆರ್ಕ್‌ಮಿನಿಟ್ ಸರಿಸಿ ಹೊಂದಿಸುವ ಪರೀಕ್ಷೆಯನ್ನೂ ಮಾಡಿದೆ. 40ರಲ್ಲಿ 6 ಸುಳ್ಳು ಹೊಂದಿಕೆ ಸಿಕ್ಕವು. ಮೊದಲ ಹತ್ತು ಮೂಲಗಳಿಗೆ ಹತ್ತಿರದ್ದನ್ನೇ ತೆಗೆದುಕೊಂಡು ಬರೆದುಬಿಟ್ಟಿದ್ದೆ, ಅವನ್ನೆಲ್ಲ ಅಳಿಸಿ ಒಂದನೆಯದರಿಂದ ಮತ್ತೆ ಶುರು ಮಾಡಿದ್ದೇನೆ. ಮೇಡಂ, ಒಂದು ಸಂದೇಹ ಉಳಿದಿದೆ. ಮೂರನೇ ಮೂಲಕ್ಕೆ ವಿಎಲ್‌ಎಎಸ್‌ಎಸ್‌ನಲ್ಲಿ ಎರಡು ಮುದ್ದೆ ಕಾಣುತ್ತವೆ, ಆದರೆ ನಡುವಿನ ಚುಕ್ಕಿ ಇಲ್ಲ, ಫೋಟೋದಲ್ಲಿ ನಡುವೆ ಗ್ಯಾಲಕ್ಸಿಯೂ ಇಲ್ಲ. ಇದಕ್ಕೆ ಜಾಗ ಏನಂತ ಬರೆಯಲಿ?

ಕೆಂಪುಮಣ್ಣು_ಬೀದರ್

ಬಹಳ ಖುಷಿಯಾಯಿತು. ಮೂರನೆಯದಕ್ಕೆ ಎರಡು ಮುದ್ದೆಗಳ ಜಾಗವನ್ನು ಬೇರೆ ಬೇರೆ ಬರೆ, ಎರಡಕ್ಕೂ ತಪ್ಪಿನ ಅಂದಾಜು ಹಾಕು. ಬೆಳಕಿನ ಜಾಗದ ಕಾಲಂನಲ್ಲಿ ಕಂಡಿಲ್ಲ ಅಂತ ಬರೆ, ಆ ಫೋಟೋ ಎಷ್ಟನೇ ಮ್ಯಾಗ್ನಿಟ್ಯೂಡ್ ತನಕ ಕಾಣಿಸುತ್ತದೆ ಅನ್ನೋದನ್ನು ಅದರ ಪಕ್ಕದಲ್ಲೇ ಬರೆ. ತುಂಬಾ ದೂರದ ಗ್ಯಾಲಕ್ಸಿ ಆಗಿದ್ದರೆ ಅದರ ಬೆಳಕು ಇನ್ಫ್ರಾರೆಡ್‌ಗೆ ಸರಿದುಹೋಗಿರುತ್ತದೆ. ವೈಸ್ ಉಪಗ್ರಹದ ಚಿತ್ರದಲ್ಲಿ ಆ ಜಾಗ ಒಮ್ಮೆ ನೋಡು, ಅಲ್ಲಿ ಚುಕ್ಕಿಯ ಅಗಲ ಸುಮಾರು 6 ಆರ್ಕ್‌ಸೆಕೆಂಡ್ ಅನ್ನೋದು ನೆನಪಿರಲಿ. ಏನಾದರೂ ಕಂಡರೆ ಚಿತ್ರ ಇಲ್ಲೇ ಹಾಕು, ನಾನೂ ನೋಡುತ್ತೇನೆ.